ಒಂದೇ ಕಲ್ಲಿನ ಮೇಲೆ ಮೂರು ಅಳತೆಯ ಡಯಾಟಮ್: ಮೂರು ಪ್ರಭೇದವೇ? ಇದನ್ನೇ ನಂಬಿ ಪಿಎಚ್‌ಡಿಗೆ ಇಳಿಯಬಹುದೇ?

ಪ್ರಶ್ನೆ: ನಾನು ನಾಪೋಕ್ಲು ಕಡೆಯವಳು. ಎಂ.ಎಸ್ಸಿ. ಸಸ್ಯಶಾಸ್ತ್ರದ ಕೊನೆಯ ವರ್ಷ. ಪ್ರಾಜೆಕ್ಟಿಗಾಗಿ ಜನವರಿಯಲ್ಲಿ ನಮ್ಮ ಕಾಫಿ ತೋಟದ ಕೆಳಗೆ ಹರಿಯುವ ತೋಡಿನ ಕಲ್ಲುಗಳಿಂದ ಡಯಾಟಮ್ (ಒಂದೇ ಕೋಶದ ಪಾಚಿ) ಇರುವ ಕಂದು ಲೋಳೆ ಉಜ್ಜಿ ತಂದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕಾಯಿಸುವಾಗ ಮೊದಲ ಸಲ ಬೀಕರಿನಿಂದ ಉಕ್ಕಿ ಮೇಜೆಲ್ಲ ಚೆಲ್ಲಿತು. ಎರಡನೇ ಸಲ ಸ್ಲೈಡ್ ಆಯಿತು, ಡಿಪಿಎಕ್ಸ್ ಎಂಬ ಅಂಟಿನಲ್ಲಿ ಕೂರಿಸಿದ್ದೇನೆ. ಗದೆಯಾಕಾರದ ಗೊಂಫೋನೀಮಾ ಎಂಬ ಡಯಾಟಮ್ ಹೆಚ್ಚು ಕಾಣುತ್ತಿದೆ. ಆದರೆ ಸುಮಾರು 40, 28, 16 ಮೈಕ್ರೊಮೀಟರ್ ಹೀಗೆ ಮೂರು ಉದ್ದದವು ಇವೆ. ಉದ್ದದ್ದರ ತಲೆ ಗುಂಡಾಗಿ ಬೇರೆಯಾಗಿ ಕಾಣುತ್ತದೆ, ಗಿಡ್ಡದ್ದು ಮೊಟ್ಟೆಯ ಹಾಗಿದೆ. ಕವಚದ ಮೇಲಿನ ಅಡ್ಡಗೆರೆಗಳು ಮಸುಕು. ಯುರೋಪಿನ ಪುಸ್ತಕ ನೋಡಿದರೆ ಮೂರಕ್ಕೂ ಬೇರೆ ಬೇರೆ ಹೆಸರು ಹೊಂದುತ್ತದೆ. ಗೈಡ್ ಸರ್ ‘ಹೊಸ ಪ್ರಭೇದವೂ ಇರಬಹುದು’ ಎನ್ನುತ್ತಾರೆ. ಸೀನಿಯರ್ ಒಬ್ಬರು ‘ಈಗೆಲ್ಲ ಡಿಎನ್‌ಎ ಕಾಲ, ಮೈಕ್ರೊಸ್ಕೋಪ್ ಹಿಡಿದು ವರ್ಗೀಕರಣ ಮಾಡುವವರಿಗೆ ಕೆಲಸವಿಲ್ಲ’ ಎಂದರು. ಅಪ್ಪ ಬಿ.ಎಡ್. ಮಾಡು ಎನ್ನುತ್ತಿದ್ದಾರೆ. ನನಗೆ ಡಯಾಟಮ್ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಪ್ರಶ್ನೆ ಸ್ಲೈಡಿನದು, ಇನ್ನೊಂದು ಮುಂದಿನ ಮೂವತ್ತು ವರ್ಷದ್ದು. ಮೊದಲು ಸ್ಲೈಡನ್ನೇ ನೋಡೋಣ. ನಿಮ್ಮನ್ನು ಕಾಡುತ್ತಿರುವ ಆ ಮೂರು ಅಳತೆಯ ತಕರಾರನ್ನು ಬಗೆಹರಿಸುವುದೇ ಡಯಾಟಮ್ ವರ್ಗೀಕರಣಕಾರರ ದಿನನಿತ್ಯದ ಕೆಲಸ. ಅದನ್ನು ಎರಡು ತಿಂಗಳು ಮಾಡಿ ನೋಡಿದ ಮೇಲೂ ಆಸೆ ಉಳಿದಿದ್ದರೆ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತೆಂದೇ ಲೆಕ್ಕ.

ಅಳತೆ ಮೂರಿದ್ದ ಮಾತ್ರಕ್ಕೆ ಪ್ರಭೇದ ಮೂರಾಗುವುದಿಲ್ಲ. ಡಯಾಟಮ್ ಜೀವಕೋಶ ಸಿಲಿಕಾದ, ಅಂದರೆ ಗಾಜಿನ ಜಾತಿಯ, ಗಟ್ಟಿ ಕವಚದೊಳಗೆ ಇರುತ್ತದೆ. ಕವಚಕ್ಕೆ ಎರಡು ಭಾಗ. ಸೋಪಿನ ಡಬ್ಬಿಯ ಹಾಗೆ ಮೇಲಿನದು ತುಸು ದೊಡ್ಡದು, ಕೆಳಗಿನದು ಅದರೊಳಗೆ ಕೂರುತ್ತದೆ. ಕೋಶ ಎರಡಾಗುವಾಗ ಒಂದು ಮರಿ ಮುಚ್ಚಳವನ್ನು ಒಯ್ಯುತ್ತದೆ, ಇನ್ನೊಂದು ತಳವನ್ನು. ಎರಡೂ ತಮಗೆ ಸಿಕ್ಕಿದ್ದನ್ನೇ ಮುಚ್ಚಳ ಮಾಡಿಕೊಂಡು, ಅದರೊಳಗೆ ಹಿಡಿಸುವಂಥ ಹೊಸ ತಳ ಕಟ್ಟುತ್ತವೆ. ಹಾಗಾಗಿ ಒಂದು ಮರಿ ತಾಯಿಯಷ್ಟೇ ಉಳಿಯುತ್ತದೆ, ಇನ್ನೊಂದು ಕೂದಲೆಳೆಯಷ್ಟು ಗಿಡ್ಡವಾಗುತ್ತದೆ. ಇದು ತಲೆಮಾರಿನಿಂದ ತಲೆಮಾರಿಗೆ ನಡೆದು ಸಮೂಹದ ಸರಾಸರಿ ಅಳತೆ ಇಳಿಯುತ್ತಾ ಹೋಗುತ್ತದೆ. ಮ್ಯಾಕ್‌ಡೊನಾಲ್ಡ್ ಮತ್ತು ಫಿಟ್ಜರ್ ಎಂಬಿಬ್ಬರು 1869ರಲ್ಲಿ ಬೇರೆ ಬೇರೆಯಾಗಿ ಇದನ್ನು ಗುರುತಿಸಿದರು. ಹಾಗೆಂದು ಕುಗ್ಗುವುದು ಕೊನೆಯಿಲ್ಲದೆ ನಡೆಯುವುದಿಲ್ಲ. ಗರಿಷ್ಠ ಉದ್ದದ ಅರ್ಧದಿಂದ ಮೂರನೇ ಒಂದು ಭಾಗದಷ್ಟಕ್ಕೆ ಇಳಿದಾಗ ಸಾಮಾನ್ಯವಾಗಿ ಲೈಂಗಿಕ ಸಂತಾನೋತ್ಪತ್ತಿ ಶುರುವಾಗುತ್ತದೆ. ಗಟ್ಟಿ ಗಾಜಿನ ಬದಲು ಹಿಗ್ಗಬಲ್ಲ ಪೊರೆಯಿರುವ ಆಕ್ಸೋಸ್ಪೋರ್ ಹುಟ್ಟಿ, ಊದಿ, ಅದರೊಳಗಿಂದ ಮತ್ತೆ ಪೂರ್ಣ ಅಳತೆಯ ಕೋಶ ಬರುತ್ತದೆ.

ನಿಮ್ಮ 16, ನಿಮ್ಮ 40ರ ಶೇಕಡಾ 40. ಒಂದೇ ಪ್ರಭೇದದ ಜೀವನಚಕ್ರದೊಳಗೆ ಆರಾಮವಾಗಿ ಹಿಡಿಸುವ ಅಂತರ ಇದು. ತಲೆಯ ಆಕಾರ ಬದಲಾಗುವುದಕ್ಕೂ ಇದೇ ಕಾರಣ. ಉದ್ದ ವೇಗವಾಗಿ ಇಳಿಯುತ್ತದೆ, ಅಗಲ ನಿಧಾನವಾಗಿ. ಗುಂಡು ತಲೆ, ಕುತ್ತಿಗೆಯಂಥ ಏರಿಳಿತಗಳು ಕುಗ್ಗುತ್ತಾ ಮಾಯವಾಗಿ ಕೊನೆಗೆ ಮೊಟ್ಟೆಯಾಕಾರ ಉಳಿಯುತ್ತದೆ. ಹೆಚ್ಚುಕಡಿಮೆ ಬದಲಾಗದೆ ಉಳಿಯುವುದು 10 ಮೈಕ್ರೊಮೀಟರಿನಲ್ಲಿ ಎಷ್ಟು ಅಡ್ಡಗೆರೆ ಎಂಬ ಲೆಕ್ಕ. ಆದ್ದರಿಂದಲೇ ನಾವು ಉದ್ದಕ್ಕಿಂತ ಗೆರೆಯ ಸಾಂದ್ರತೆಯನ್ನು ಹೆಚ್ಚು ನಂಬುತ್ತೇವೆ. ನಿಮ್ಮ ಸ್ಲೈಡಿನಲ್ಲಿ ಮಸುಕಾಗಿರುವುದೂ ಅದೇ ಗೆರೆ!

ಮಸುಕಿಗೆ ಕಾರಣ ನಿಮ್ಮ ಕಣ್ಣೂ ಅಲ್ಲ, ಬಹುಶಃ ಲೆನ್ಸೂ ಅಲ್ಲ. ಡಿಪಿಎಕ್ಸ್. ಡಯಾಟಮ್ ಸಿಲಿಕಾದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.43, ಡಿಪಿಎಕ್ಸ್‌ನದು 1.52ರ ಆಸುಪಾಸು. ವ್ಯತ್ಯಾಸ ಇಷ್ಟು ಕಡಿಮೆಯಿದ್ದರೆ ನೀರಿನಲ್ಲಿ ಬಿದ್ದ ಗಾಜಿನ ಚೂರಿನ ಹಾಗೆ ಕವಚ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಡಯಾಟಮ್‌ಗೆಂದೇ ಬಳಸುವ ನ್ಯಾಫ್ರಾಕ್ಸ್ ಎಂಬ ರಾಳದ ಸೂಚ್ಯಂಕ 1.7ಕ್ಕೂ ಮೇಲೆ. ಗೆರೆ ಎದ್ದು ಕಾಣುವುದು ಆಗಲೇ. ಇದು ಟೊಲ್ಯೂಈನ್ ಎಂಬ ದ್ರಾವಕದಲ್ಲಿ ಕರಗಿ ಬರುತ್ತದೆ. ಡಯಾಟಮ್ ಒಣಗಿ ಕೂತ ಕವರ್‌ಸ್ಲಿಪ್ಪನ್ನು ಇದರ ಒಂದು ಹನಿಯ ಮೇಲೆ ಮಗುಚಿ, ಸ್ಲೈಡನ್ನು ಹಾಟ್‌ಪ್ಲೇಟಿನ ಮೇಲಿಟ್ಟರೆ ಟೊಲ್ಯೂಈನ್ ಗುಳ್ಳೆಗುಳ್ಳೆಯಾಗಿ ಹೋಗುತ್ತದೆ. ಗುಳ್ಳೆ ನಿಂತ ಕೂಡಲೇ ಇಳಿಸಿ, ಟೂತ್‌ಪಿಕ್ಕಿನಿಂದ ಮೆಲ್ಲಗೆ ಒತ್ತಿ. ಬೇಗ ಇಳಿಸಿದರೆ ಕವರ್‌ಸ್ಲಿಪ್ ಜಾರುತ್ತದೆ, ತಡ ಮಾಡಿದರೆ ರಾಳ ಕಂದಾಗುತ್ತದೆ. ಟೊಲ್ಯೂಈನ್ ಆವಿ ಕೆಟ್ಟದ್ದು. ಫ್ಯೂಮ್ ಹುಡ್ ಇಲ್ಲದ ಕೋಣೆಯಲ್ಲಿ ಈ ಕೆಲಸ ಬೇಡ.

ಉಕ್ಕಿದ್ದರ ಬಗ್ಗೆ. ಕೊಡಗಿನ ತೋಡಿನ ಲೋಳೆಯಲ್ಲಿ ಕೊಳೆತ ಎಲೆಯ ಪುಡಿ ಬಹಳ. ಶೇಕಡಾ 30ರ ಪೆರಾಕ್ಸೈಡ್ ಸಾವಯವ ಪದಾರ್ಥವನ್ನು ಸುಡುವಾಗ ಶಾಖವೂ ಆಮ್ಲಜನಕವೂ ಒಟ್ಟಿಗೆ ಹೊರಡುತ್ತವೆ. ಮೊದಲೇ ಬಿಸಿ ಮಾಡಿಕೊಂಡು ಪೆರಾಕ್ಸೈಡ್ ಸುರಿದರೆ ಹಾಲು ಉಕ್ಕಿದಂತೆ ಉಕ್ಕದೆ ಇನ್ನೇನು? 5 ಮಿ.ಲೀ. ಗಸಿಗೆ 250 ಮಿ.ಲೀ. ಬೀಕರ್ ತೆಗೆದುಕೊಳ್ಳಿ. ತಣ್ಣಗಿರುವಾಗಲೇ ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವಾಗಿ, ಒಟ್ಟು 20 ಮಿ.ಲೀ. ಹಾಕಿ ರಾತ್ರಿಯಿಡೀ ಬಿಡಿ. ಮೊದಲ ಆರ್ಭಟ ಅಲ್ಲೇ ಮುಗಿಯುತ್ತದೆ. ಮರುದಿನ 90 ಡಿಗ್ರಿಯ ಸುತ್ತ, ಕುದಿ ಬರದಂತೆ, ಕಂದು ಬಣ್ಣ ಹೋಗಿ ಗಸಿ ಬೂದುಬಿಳಿಯಾಗುವವರೆಗೆ ಕಾಯಿಸಿ. ಇಳಿಸಿ ತಣಿದ ಮೇಲೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ. ಕನ್ನಡಕ, ಕೈಗವಸು ಹಾಕಿಕೊಂಡೇ ಇರಿ.

ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕೈದು ಸಲ ತೊಳೆಯಬೇಕು. ಎಷ್ಟೋ ಪ್ರಾಜೆಕ್ಟುಗಳು ಸದ್ದಿಲ್ಲದೆ ಕೆಡುವುದು ಇಲ್ಲೇ. ಪ್ರತಿ ಸಲವೂ ನೀರನ್ನು ಒಂದು ಇಡೀ ದಿನ ತಿಳಿಯಾಗಲು ಬಿಟ್ಟು ಬಗ್ಗಿಸಬೇಕು. ಅವಸರ ಮಾಡಿ ಎರಡು ಗಂಟೆಗೇ ಬಗ್ಗಿಸಿದರೆ ಭಾರದ ಕೋಶಗಳು ತಳದಲ್ಲಿ ಉಳಿದು, ಅಕ್ನಾಂತಿಡಿಯಂನಂಥ ಸಣ್ಣವು ಸಿಂಕಿಗೆ ಹೋಗುತ್ತವೆ. ಅಕ್ನಾಂತಿಡಿಯಂ ಮಿನುಟಿಸಿಮಂ ಚೆನ್ನಾಗಿ ಆಮ್ಲಜನಕವಿರುವ ಹರಿವ ನೀರಿನಲ್ಲಿ ಹೆಚ್ಚಿರುತ್ತದೆ. ಅದನ್ನು ತೊಳೆದು ಕಳೆದುಕೊಂಡರೆ ನಿಮ್ಮ ಎಣಿಕೆಯಲ್ಲಿ ತೋಡು ಇದ್ದದ್ದಕ್ಕಿಂತ ಕೊಳಕಾಗಿ ಕಾಣುತ್ತದೆ. ನೀವೇ ಬರಿಸಿಕೊಂಡ ಮಾಲಿನ್ಯ!

ಸ್ಲೈಡ್ ಸರಿಯಾದ ಮೇಲೆ ಮಾಡಬೇಕಾದದ್ದು ಇಷ್ಟು. ಸ್ಟೇಜ್ ಮೈಕ್ರೊಮೀಟರ್ ಎಂಬ ಅಳತೆಗೆರೆಯ ಸ್ಲೈಡಿನಿಂದ ಅಳತೆಯನ್ನು ಮೊದಲು ತಾಳೆ ನೋಡಿಕೊಳ್ಳಿ. 100 ಎಕ್ಸ್ ಎಣ್ಣೆ ಲೆನ್ಸಿನಲ್ಲಿ, ಕಣ್ಣಿಗೆ ಚೆಂದ ಕಂಡದ್ದನ್ನು ಆರಿಸದೆ, ಸಾಲಾಗಿ ಸಿಕ್ಕ ಕನಿಷ್ಠ 30 ಗೊಂಫೋನೀಮಾ ಅಳೆಯಿರಿ: ಉದ್ದ, ಅತಿ ಅಗಲವಾದ ಕಡೆಯ ಅಗಲ, ನಡುಭಾಗದಲ್ಲಿ 10 ಮೈಕ್ರೊಮೀಟರಿಗೆ ಎಷ್ಟು ಗೆರೆ, ನಡುವಿನಲ್ಲಿ ಸ್ಟಿಗ್ಮಾ ಎಂಬ ಒಂಟಿ ಚುಕ್ಕೆ ಇದೆಯೋ ಇಲ್ಲವೋ. ಉದ್ದವನ್ನು ಅಡ್ಡಕ್ಕೆ, ಅಗಲವನ್ನು ನೆಟ್ಟಗೆ ಇಟ್ಟು ಗ್ರಾಫ್ ಹಾಕಿ. ಚುಕ್ಕಿಗಳೆಲ್ಲ ಒಂದೇ ಓರೆಯಾದ ಪಟ್ಟಿಯಾಗಿ ಸಾಗಿ, ಗೆರೆಯ ಲೆಕ್ಕವೂ ಒಂದೇ ಇದ್ದರೆ ಒಂದು ಪ್ರಭೇದ ಎಂದುಕೊಳ್ಳಿ. ಒಂದೇ ಉದ್ದದಲ್ಲಿ ಎರಡು ಬೇರೆ ಅಗಲ, ಎರಡು ಬೇರೆ ಗೆರೆಲೆಕ್ಕ ಕಂಡರೆ ಆಗ ಎರಡರ ಮಾತು. ನಡುವೆ ಖಾಲಿ ಜಾಗ ಕಂಡ ಕೂಡಲೇ ಕುಣಿಯಬೇಡಿ. ಒಂದೇ ದಿನದ ಸಂಗ್ರಹದಲ್ಲಿ ಕೆಲವು ಅಳತೆಯ ತಂಡಗಳು ಮಾತ್ರ ಇರುವುದುಂಟು. ಇನ್ನೊಂದು ತಿಂಗಳ ಸ್ಲೈಡ್ ಆ ಖಾಲಿಯನ್ನು ತುಂಬಬಹುದು.

ಇದಕ್ಕೆ ಉಲ್ಟಾ ಅಪಾಯವೂ ಇದೆ. ಸೆಲ್ಲಾಫೋರಾ ಪ್ಯೂಪುಲಾ ಎಂದು ಬಹುಕಾಲ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದುದನ್ನು ಎಡಿನ್‌ಬರೋದ ಡೇವಿಡ್ ಮ್ಯಾನ್ ಮತ್ತು ಜೊತೆಗಾರರು ಜೀವಂತವಾಗಿ ಬೆಳೆಸಿ, ಯಾವುದು ಯಾವುದರ ಜೊತೆ ಕೂಡುತ್ತದೆ ಎಂದು ನೋಡಿದರು. ಒಂದೇ ಕೊಳದಲ್ಲಿ ಪಕ್ಕಪಕ್ಕ ಇದ್ದೂ ತಮ್ಮತಮ್ಮಲ್ಲಿ ಕೂಡದ ಗುಂಪುಗಳು ಸಿಕ್ಕವು. 2004ರಲ್ಲಿ ಅದರಿಂದ ಐದು ಹೊಸ ಪ್ರಭೇದ ಬೇರ್ಪಟ್ಟವು. ಅಂದರೆ ಕಣ್ಣಿಗೆ ಮೂರು ಕಂಡದ್ದು ಒಂದಿರಬಹುದು, ಒಂದು ಕಂಡದ್ದು ಐದಿರಬಹುದು. ಜಗತ್ತಿನಲ್ಲಿ ಒಟ್ಟು ಎಷ್ಟು ಡಯಾಟಮ್ ಪ್ರಭೇದ ಎಂಬ ಅಂದಾಜು 30,000ದಿಂದ 1,00,000ದವರೆಗೆ ತೂಗಾಡುವುದು ಇದೇ ಕಾರಣಕ್ಕೆ.

ಇನ್ನು ಹೆಸರು. ಯುರೋಪಿನ ಪುಸ್ತಕ ಅಲ್ಲಿನ ಹೊಳೆಗಳಿಗೆ ಬರೆದದ್ದು. ಅದರಲ್ಲಿರುವ ಚಿತ್ರಕ್ಕೆ ‘ಹತ್ತಿರ’ ಕಂಡದ್ದಕ್ಕೆಲ್ಲ ಆ ಹೆಸರನ್ನೇ ಅಂಟಿಸಿದ ಪಟ್ಟಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊಂದಿಕೆ ಪೂರ್ತಿ ಆಗದಿದ್ದರೆ ಹೆಸರಿನ ನಡುವೆ ‘ಸಿ.ಎಫ್.’ ಎಂದು ಹಾಕಿ, ‘ಇದಕ್ಕೆ ಹೋಲಿಸಿ ನೋಡಿ’ ಎಂದರ್ಥ. ಅದರಿಂದ ಮರ್ಯಾದೆಯೇನೂ ಹೋಗುವುದಿಲ್ಲ. ನಿಮ್ಮ ತೋಡಿಗೆ ಹೆಚ್ಚು ಹತ್ತಿರದ ದಾಖಲೆ ಎಚ್.ಪಿ. ಗಾಂಧಿಯವರದು. 1950–60ರ ದಶಕಗಳಲ್ಲಿ ಅವರು ಧಾರವಾಡ, ಕೊಲ್ಹಾಪುರ, ಸಾಗರ, ಜೋಗದ ಸುತ್ತಮುತ್ತಲ ಸಿಹಿನೀರಿನ ಡಯಾಟಮ್‌ಗಳನ್ನು ಪ್ರಕಟಿಸಿದರು, ಅನೇಕ ಹೊಸ ಹೆಸರು ಕೊಟ್ಟರು. ಅವರ ಚಿತ್ರಗಳು ಕೈಯಲ್ಲಿ ಬಿಡಿಸಿದವು. ಬರೀ ಚಿತ್ರ ನೋಡಿ ಇಂದಿನ ಅನುಮಾನಗಳನ್ನು ಪರಿಹರಿಸುವುದು ಕಷ್ಟ. ಆದರೆ ಅವರ ಸಂಗ್ರಹ ಉಳಿದದ್ದರಿಂದ ಐವತ್ತು ವರ್ಷಗಳ ನಂತರ ಕೊಲ್ಹಾಪುರದ ಗೊಂಫೋನೀಮಾಗಳನ್ನು ಮತ್ತೆ ತೆರೆದು ಪರಿಶೀಲಿಸಲು ಆಯಿತು. ನೀವು ಮೊದಲು ಓದಬೇಕಾದದ್ದು ಆ ಮರುಪರಿಶೀಲನೆಯ ಲೇಖನಗಳನ್ನು, ಯುರೋಪಿನ ಪುಸ್ತಕವನ್ನು ಆಮೇಲೆ.

ಗೈಡ್ ಸರ್ ಹೇಳಿದಂತೆ ಹೊಸದಿರುವ ಸಾಧ್ಯತೆ ಇಲ್ಲವೆನ್ನಲಾರೆ. ಇತ್ತೀಚೆಗಷ್ಟೇ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ಗೊಂಫೋನೀಮಾದ ಬಳಗದಲ್ಲೇ ಇಂಡಿಕೊನೀಮಾ ಎಂಬ ಹೊಸ ಕುಲವನ್ನು ಬೇರ್ಪಡಿಸಿದ್ದಾರೆ. ಉಳಿದವಕ್ಕೆ ಕಲ್ಲಿಗಂಟುವ ಪಾದದ ತುದಿಯಲ್ಲಷ್ಟೇ ಇರುವ ರಂಧ್ರಗಳ ಗುಂಪು ಇದಕ್ಕೆ ತಲೆ, ಪಾದ ಎರಡರಲ್ಲೂ ಇದೆ. ಇಂಥದ್ದು ಖಚಿತವಾಗುವುದು ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ. ಬೆಳಕಿನ ಮೈಕ್ರೊಸ್ಕೋಪು 0.2 ಮೈಕ್ರೊಮೀಟರಿಗಿಂತ ಹತ್ತಿರದ ಎರಡು ಚುಕ್ಕೆಯನ್ನು ಬಿಡಿಸಿ ತೋರಿಸಲಾರದು. ಹೊಸ ಹೆಸರು ನಿಯಮಬದ್ಧವಾಗಬೇಕಾದರೆ ಇಂಗ್ಲಿಷ್ ಅಥವಾ ಲ್ಯಾಟಿನ್‌ನಲ್ಲಿ ವಿವರಣೆ, ಚಿತ್ರ, ಮತ್ತು ಗುರುತಿಸಿದ ಒಂದು ಹರ್ಬೇರಿಯಮ್‌ನಲ್ಲಿ (ಸಸ್ಯಮಾದರಿಗಳ ಭಂಡಾರ) ಇಟ್ಟ ಮಾದರಿ ಸ್ಲೈಡ್ ಬೇಕು. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಲೇಬೇಕು. ಎಂ.ಎಸ್ಸಿ. ಪ್ರಾಜೆಕ್ಟಿನ ಆರು ತಿಂಗಳಲ್ಲಿ, ಡಿಪಿಎಕ್ಸ್ ಸ್ಲೈಡಿನ ಮೇಲೆ, ಒಂದೇ ತೋಡಿನಿಂದ ಹೊಸ ಹೆಸರು ಪ್ರಕಟಿಸುವ ಆಸೆ ಸದ್ಯಕ್ಕೆ ಬಿಡಿ. ತಪ್ಪು ಹೆಸರನ್ನು ಅಳಿಸಲಾಗುವುದಿಲ್ಲ. ಅದು ನಿಮ್ಮ ಹೆಸರಿನ ಜೊತೆಗೇ ಸಮಾನಾರ್ಥಕಗಳ ಪಟ್ಟಿಯಲ್ಲಿ ಉಳಿಯುತ್ತದೆ.

‘ಡಿಎನ್‌ಎ ಕಾಲ’ ಎಂಬ ಮಾತು ಅರ್ಧ ಸತ್ಯ. ನೀರಿನ ಗುಣಮಟ್ಟ ನೋಡಲು ಇಡೀ ಲೋಳೆಯ ಡಿಎನ್‌ಎ ತೆಗೆದು, ಆರ್‌ಬಿಸಿಎಲ್ ಎಂಬ ಜೀನಿನ ತುಣುಕು ಓದಿ ಪಟ್ಟಿ ಮಾಡುವುದು ಯುರೋಪಿನಲ್ಲಿ ಬೆಳೆದಿದೆ. ಆದರೆ ಯಂತ್ರ ಕೊಡುವುದು ಅಕ್ಷರಗಳ ಸಾಲು. ಆ ಸಾಲಿಗೆ ಹೆಸರು ಸಿಗಬೇಕಾದರೆ ಯಾರಾದರೂ ಮೊದಲು ಒಂದೇ ಕೋಶವನ್ನು ಹೆಕ್ಕಿ, ಬೆಳೆಸಿ, ಹಾಗೆ ಬೆಳೆಸಿದ್ದರಿಂದಲೇ ಸ್ಲೈಡೂ ಡಿಎನ್‌ಎಯೂ ಎರಡನ್ನೂ ಮಾಡಿಟ್ಟಿರಬೇಕು. ಪಶ್ಚಿಮಘಟ್ಟದ ಡಯಾಟಮ್‌ಗಳಿಗೆ ಅಂಥ ಜೋಡಿ ದಾಖಲೆ ತೀರಾ ಕಡಿಮೆ. ಹಾಗಾಗಿ ಇಲ್ಲಿನ ನೀರಿನಿಂದ ಬಂದ ಎಷ್ಟೋ ಸಾಲುಗಳು ಹೆಸರಿಲ್ಲದೆ ಉಳಿಯುತ್ತವೆ. ನಿಮ್ಮ ಸೀನಿಯರ್ ಹೇಳಿದ್ದರಲ್ಲಿ ನಿಜವಿರುವುದು ಇಷ್ಟು: ಬರೀ ಮೈಕ್ರೊಸ್ಕೋಪು ಗೊತ್ತಿರುವವರಿಗೆ ದಾರಿ ಕಿರಿದಾಗಿದೆ. ಎರಡೂ ಗೊತ್ತಿರುವವರು ಬೆರಳೆಣಿಕೆ.

ಈಗ ಬದುಕಿನ ಪ್ರಶ್ನೆ. ‘ಡಯಾಟಮ್ ವರ್ಗೀಕರಣಕಾರ ಬೇಕಾಗಿದ್ದಾರೆ’ ಎಂಬ ಜಾಹೀರಾತನ್ನು ಕಾಯುತ್ತಾ ಕೂರಬೇಡಿ, ಬರುವುದು ಅಪರೂಪ. ಯುರೋಪಿನಲ್ಲಿ 2000ದ ಜಲನೀತಿ ನಿರ್ದೇಶನ ಹೊಳೆಗಳ ಪರಿಸ್ಥಿತಿಯನ್ನು ಜೀವಿಗಳ ಮೂಲಕವೇ ಅಳೆಯಬೇಕೆಂದು ಕಡ್ಡಾಯ ಮಾಡಿದ್ದರಿಂದ ಅಲ್ಲಿ ಡಯಾಟಮ್ ಎಣಿಸುವವರಿಗೆ ಕೆಲಸ ಹುಟ್ಟಿತು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಇಲ್ಲಿ ಡಯಾಟಮ್ ಗೊತ್ತಿರುವವರಿಗೆ ಕೆಲಸ ಸಿಗುವುದು ಬೇರೆ ಹೆಸರಿನ ಹುದ್ದೆಗಳಲ್ಲಿ. ಕಾಲೇಜು, ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ, ಬೊಟಾನಿಕಲ್ ಸರ್ವೇ ಆಫ್ ಇಂಡಿಯಾ, ಕಡಲಿನ ಕಡೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ಕೆರೆತಳದ ಹಳೆಯ ಹೂಳನ್ನು ಓದುವ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಮುಳುಗಿ ಸತ್ತವರ ಮೂಳೆಮಜ್ಜೆಯಲ್ಲಿ ಡಯಾಟಮ್ ಹುಡುಕುವ ವಿಧಿವಿಜ್ಞಾನ ಪ್ರಯೋಗಾಲಯಗಳು.

ವರ್ಗೀಕರಣದಲ್ಲೇ ಪಿಎಚ್‌ಡಿ ಮಾಡುವುದಾದರೆ ಡಯಾಟಮ್ ಪ್ರಯೋಗಾಲಯ ಇರುವ ಕಡೆಗೇ ಹೋಗಿ. ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ಮೊದಲೆರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ, 2023ರ ಜನವರಿಯಿಂದ ಇರುವ ದರ. ಫೆಲೋಶಿಪ್ ಇಲ್ಲದೆ ಸೇರಿದರೆ ಎಲೆಕ್ಟ್ರಾನ್ ಮೈಕ್ರೊಸ್ಕೋಪಿನ ಗಂಟೆ ಲೆಕ್ಕದ ಬಿಲ್ಲು ನಿಮ್ಮ ಅಪ್ಪನ ಕಾಫಿ ಮಾರಿದ ದುಡ್ಡಿನಲ್ಲಿ ತುಂಬಬೇಕಾದೀತು. ಸೇರುವ ಮೊದಲು ಮಾರ್ಗದರ್ಶಕರನ್ನು ಸಂಕೋಚವಿಲ್ಲದೆ ಕೇಳಿ: ಹಿಂದಿನ ವಿದ್ಯಾರ್ಥಿಗಳ ಸ್ಲೈಡುಗಳು ಈಗ ಎಲ್ಲಿವೆ? ನ್ಯಾಫ್ರಾಕ್ಸ್ ಇದೆಯೇ? ಡಯಾಟಮ್ ಬೆಳೆಸುವ ಕೋಣೆ ಇದೆಯೇ? ಮೊದಲ ಪ್ರಶ್ನೆಗೆ ‘ಅಲ್ಲೆಲ್ಲೋ ಕಪಾಟಿನಲ್ಲಿವೆ’ ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಹೊರಡಿ.

ಇನ್ನೊಂದು ದಾರಿ, ಡಯಾಟಮ್ ಉಪಕರಣವಾಗಿ ಹೊಳೆಯ ಪರಿಸರವಿಜ್ಞಾನ. ನನ್ನ ಅಭಿಪ್ರಾಯದಲ್ಲಿ ಕೊಡಗಿನವರಿಗೆ ಇದು ಹೆಚ್ಚು ಹೊಂದುತ್ತದೆ. ನೀರಿನ ರಸಾಯನ, ಸಂಖ್ಯಾಶಾಸ್ತ್ರ, ‘ಆರ್’ ತಂತ್ರಾಂಶ ಕೂಡ ಕೈಗೆ ಬರುವುದರಿಂದ ಮುಂದೆ ಡಯಾಟಮ್ ಕೈಬಿಟ್ಟರೂ ಅನ್ನಕ್ಕೆ ದಾರಿ ಇರುತ್ತದೆ. ಅಪಾಯವೆಂದರೆ, ಹೆಸರುಗಳನ್ನು ಗಡಿಬಿಡಿಯಲ್ಲಿ ಹಚ್ಚಿ, ನೀರಿನ ಗುಣಮಟ್ಟ ಅಳೆಯುವ ಯುರೋಪಿನ ಸೂಚ್ಯಂಕಕ್ಕೆ ಹಾಕಿ, ಬಂದ ಅಂಕಿಯನ್ನು ನಂಬಿಬಿಡುವುದು.

ಅಪ್ಪ ಹೇಳುವ ಬಿ.ಎಡ್. ಬಗ್ಗೆ ಒಂದು ಸಂಗತಿ ಅವರಿಗೆ ತಿಳಿಸಿ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂ.ಎಸ್ಸಿ. ಜೊತೆ ಕೇಳುವುದು ನೆಟ್ ಅಥವಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ). ಬಿ.ಎಡ್. ಬೇಕಾಗುವುದು ಶಾಲೆಯಲ್ಲಿ ಕಲಿಸಲು, ಅದಕ್ಕೆ ಎರಡು ವರ್ಷ. ಹಾಗಾಗಿ ಮುಂದಿನ ಒಂದು ವರ್ಷ ನೆಟ್‌ಗೆ ಓದುವುದು ಎರಡೂ ಮನಸ್ಸಿಗೆ ಒಪ್ಪುವ ರಾಜಿ. ಪಾಸಾದರೆ ಫೆಲೋಶಿಪ್ಪೋ ಅಧ್ಯಾಪಕ ಕೆಲಸವೋ ಎರಡಕ್ಕೂ ಬಾಗಿಲು ತೆರೆಯುತ್ತದೆ. ಗಾಂಧಿಯವರೂ ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ ಡಯಾಟಮ್ ನೋಡಿದವರು.

ಓದಿನ ನಡುವೆ ಆ ತೋಡನ್ನು ಬಿಡಬೇಡಿ. ಒಂದು ಮಾತು ಮಾತ್ರ: ನೀವು ಸಂಗ್ರಹಿಸಿದ್ದು ಜನವರಿಯಲ್ಲಿ, ತೋಟದ ಕೆಳಗೆ. ಅದು ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಾಲ. ಮೇಲೆಲ್ಲೋ ಪಲ್ಪರ್ ನೀರು ತೋಡಿಗೆ ಸೇರಿದ್ದರೆ ಸಾವಯವ ಕೊಳೆ ಸಹಿಸುವ ಗೊಂಫೋನೀಮಾ ಪಾರ್ವ್ಯುಲಂ, ನಿಟ್ಷಿಯಾ ಪೇಲಿಯಾ ಹೆಚ್ಚಾಗುತ್ತವೆ. ಕಂದು ಲೋಳೆ ಇದ್ದ ಮಾತ್ರಕ್ಕೆ ನೀರು ಕೊಳಕಲ್ಲ, ಶೋಲಾ ಕಾಡಿನ ತಿಳಿನೀರಿನ ಕಲ್ಲಿಗೂ ಅದು ಇರುತ್ತದೆ. ಅಲ್ಲಿನ ಮೆದು, ತುಸು ಆಮ್ಲೀಯ ನೀರಿನಲ್ಲಿ ಬಾಳೆಹಣ್ಣಿನಂತೆ ಬಾಗಿದ ಯುನೋಶಿಯಾ ಹುಡುಕಿ. 2018ರ ಆಗಸ್ಟಿನಂತೆ ಗುಡ್ಡ ಜರಿದು ಹೂಳು ಕೂತ ಜಾಗದಲ್ಲಾದರೆ ಹರಿದಾಡಬಲ್ಲ ನ್ಯಾವಿಕ್ಯುಲಾ, ನಿಟ್ಷಿಯಾಗಳ ಪಾಲು ಏರುತ್ತದೆ, ಅಂಟಿಕೊಂಡೇ ಇರುವವು ಹೂತುಹೋಗುತ್ತವೆ.

ಆದ್ದರಿಂದ ಎರಡು ಜಾಗ ಇಟ್ಟುಕೊಳ್ಳಿ, ತೋಟಕ್ಕಿಂತ ಮೇಲೊಂದು, ಕೆಳಗೊಂದು. ಮಳೆಗಾಲದಲ್ಲಿ ಹೋಗಿ ಪ್ರಯೋಜನವಿಲ್ಲ. ನೆರೆ ಲೋಳೆಯನ್ನೆಲ್ಲ ಕೆರೆದುಕೊಂಡು ಹೋಗಿರುತ್ತದೆ, ಸಿಗುವುದು ಇಂಬಳ ಮಾತ್ರ. ದೊಡ್ಡ ಮಳೆ ನಿಂತು ನಾಲ್ಕು ವಾರ ಕಳೆಯಲಿ. ನವೆಂಬರ್, ಜನವರಿ, ಮಾರ್ಚ್‌ನಲ್ಲಿ, ಹೂಮಳೆಗೆ ಮೊದಲು, ಮೂರು ಸಲ ಸಾಕು. ಪ್ರತಿ ಜಾಗದಲ್ಲಿ ಹರಿವಿರುವ ಕಡೆಯ, ಪೂರ್ತಿ ಮುಳುಗಿದ ಐದು ಕಲ್ಲು. ಮೇಲ್ಭಾಗವನ್ನು ಹೊಸ ಟೂತ್‌ಬ್ರಷ್ಷಿನಿಂದ ಉಜ್ಜಿ. ಒಂದು ಜಾಗದ ಬ್ರಷ್ ಇನ್ನೊಂದಕ್ಕೆ ಬೇಡ, ಬಿರುಗೂದಲ ಸಂದಿಯಲ್ಲಿ ಸಾವಿರಾರು ಕೋಶ ಕೂತಿರುತ್ತವೆ. ಸ್ಲೈಡಿಗೆ 400 ವಾಲ್ವ್ (ಕವಚದ ಒಂದು ಭಾಗ) ಎಣಿಸಿ. ನಿಮ್ಮದೇ ತೋಟದ ತೋಡಿಗೆ ಯಾರನ್ನೂ ಕೇಳಬೇಕಿಲ್ಲ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮದ ಒಳಗಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು, ಬ್ರಷ್ ಆಮೇಲೆ. ತೀರ್ಥಕುಂಡಿಕೆಯ ಕಡೆಗಂತೂ ಬಾಟಲಿ ಹಿಡಿದು ಹೋಗಬೇಡಿ.

ಪ್ರತಿ ಸಂಗ್ರಹದಲ್ಲಿ ಅರ್ಧ ಶುದ್ಧ ಮಾಡದೆ ಎಥನಾಲ್‌ನಲ್ಲಿಡಿ. ಶುದ್ಧ ಮಾಡಿದ್ದರಲ್ಲಿ ಉಳಿದದ್ದನ್ನೂ ಸಣ್ಣ ಸೀಸೆಯಲ್ಲಿ ಎಥನಾಲ್ ಹಾಕಿ ಮುಚ್ಚಿ. ತೋಡಿನ ಹೆಸರು, ಊರು, ಅಕ್ಷಾಂಶ–ರೇಖಾಂಶ, ತಾರೀಖು, ಕಲ್ಲೋ ಮರಳೋ ಎಂಬುದನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಸೀಸೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಎಥನಾಲ್‌ಗೆ ಕರಗುತ್ತದೆ. ಜನವರಿಯ ಗಸಿ ಇನ್ನೂ ಮಿಕ್ಕಿದ್ದರೆ ಮೊದಲ ಚೀಟಿ ಇವತ್ತೇ ಅದಕ್ಕೆ ಬರೆಯಿರಿ. ತಾರೀಖು ಮರೆತುಹೋಗುವ ಮೊದಲು.